ಹನ್ನೊಂದು ಗಂಟೆಯ ಕ್ಷೇಮ ಸಮಾಚಾರ

ಕೆಲಸ ಮಾಡುವುದರಲ್ಲಿ ಸುಖವಿದೆ ಎನ್ನುವವರನ್ನು ನಾನು ಗೌರವಿಸುತ್ತೇನೆ, ಆದರೆ ನಂಬುವುದಿಲ್ಲ. ನಿಜವಾದ ಸುಖ ಇರುವುದು ಕೆಲಸ ತಾನಾಗಿ ಆಗುವುದನ್ನು ಪಕ್ಕದಲ್ಲಿ ಕುಳಿತು ನೋಡುವುದರಲ್ಲಿ. ನಮ್ಮ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದ ಹೊಸದರಲ್ಲಿ ನಾನು ಅದರ ಮುಂದೆ ಸ್ಟೂಲು ಹಾಕಿಕೊಂಡು, ಗಾಜಿನ ಬಾಗಿಲಿನೊಳಗೆ ನನ್ನದೇ ಬನಿಯನ್ನುಗಳು ಸುತ್ತು ಹೊಡೆಯುವುದನ್ನು ಪೂರಾ ಐವತ್ತು ನಿಮಿಷ ನೋಡುತ್ತಿದ್ದೆ. ನನ್ನ ಹೆಂಡತಿ ವಿಮಲಾ ಮೂರನೆಯ ದಿನ ಅಡುಗೆಮನೆಯಿಂದಲೇ ಹೇಳಿದಳು: "ಇಷ್ಟು ಹೊತ್ತಲ್ಲಿ ಕೈಯಲ್ಲೇ ಒಗೆದು ಒಣಗ್ಸಿ ಮಡಿಚಿಡಬಹುದಿತ್ತು ಕಣ್ರೀ." ಅವಳು ಕೊಡಿಗೇಹಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಲೆಕ್ಕ ಹೇಳಿಕೊಡುವವರಿಗೆ ಎಲ್ಲದರಲ್ಲೂ ಹೊತ್ತಿನ ಲೆಕ್ಕವೇ ಮುಖ್ಯ. ನೋಡುವ ಸುಖ ಅವರಿಗೆ ಅರ್ಥವಾಗುವುದಿಲ್ಲ.

ನಾನು ಯಲಹಂಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರು. ಅಂದರೆ ಪಾಠ ಮಾಡುವುದು ಬೇರೆಯವರು, ಹುಡುಗರು ಸುಟ್ಟದ್ದನ್ನು ರಿಪೇರಿ ಮಾಡುವುದು ನಾನು. ಎರಡು ವರ್ಷದ ಕೆಳಗೆ ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕಿದಾಗ ಅವುಗಳಲ್ಲಿ ಒಂದನ್ನು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಮನೆಗೆ ತಂದೆ. ಅದಕ್ಕೆ ಲಿನಕ್ಸ್ ಹಾಕಿದೆ. ಲಿನಕ್ಸ್ ಎಂದರೆ ಪುಕ್ಕಟೆಯಾಗಿ ಸಿಗುವ, ಹಳೆಯ ಯಂತ್ರದ ಮೇಲೂ ಗೊಣಗದೆ ಓಡುವ, ನಮ್ಮ ಮಾತನ್ನು ಅಕ್ಷರಶಃ ಪಾಲಿಸುವ ಒಂದು ತಂತ್ರಾಂಶ. ನನ್ನ ಮಾತನ್ನು ಅಕ್ಷರಶಃ ಪಾಲಿಸುವ ವಸ್ತು ನಮ್ಮ ಮನೆಯಲ್ಲಿ ಅದೊಂದೇ ಆದ್ದರಿಂದ ನನಗೆ ಅದರ ಮೇಲೆ ವಿಪರೀತ ಪ್ರೀತಿ ಬೆಳೆಯಿತು. ಅಕ್ಷರಶಃ ಪಾಲಿಸುವುದರಲ್ಲಿ ಒಂದು ಅಪಾಯವೂ ಇದೆ ಎಂಬುದು ತಿಳಿಯಲು ಇನ್ನೂ ಸಮಯವಿತ್ತು.

ಈ ಕಂಪ್ಯೂಟರಿಗೆ ಉದ್ಯೋಗ ಸಿಕ್ಕಿದ್ದು ರಾಜಾನುಕುಂಟೆಯಲ್ಲಿ. ಅದು ವಿಮಲಾಳ ತವರು. ಅವಳ ತಮ್ಮ ಮುನಿರಾಜು ಅಲ್ಲಿ ಸೇವಂತಿಗೆ ಸಸಿಗಳ ನರ್ಸರಿ ನಡೆಸುತ್ತಾನೆ. ತಾಯಿಗಿಡದಿಂದ ಮುರಿದ ಕುಡಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ನೆಟ್ಟು, ಹಸಿರು ಪರದೆಯ ಶೆಡ್ಡಿನಲ್ಲಿ ಸಾಲಾಗಿ ಇಡುತ್ತಾರೆ. ಕುಡಿಗೆ ಇನ್ನೂ ಬೇರಿಲ್ಲ, ನೀರು ಕುಡಿಯಲು ಬಾಯಿಯೇ ಇಲ್ಲ. ಹಾಗಾಗಿ ಬೇರು ಬಿಡುವ ತನಕ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲಿನ ಪೈಪುಗಳಿಂದ ಅರ್ಧ ನಿಮಿಷ ಮಂಜಿನಂತೆ ನೀರು ಉದುರಬೇಕು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಇದು ತಪ್ಪಿದರೆ ಸಾಕು, ಸಂಜೆಯ ಹೊತ್ತಿಗೆ ಅವು ಒಗ್ಗರಣೆಗೆ ಹಾಕಿದ ಕರಿಬೇವಿನಂತಾಗುತ್ತವೆ. ಮುನಿರಾಜು ಇದಕ್ಕೆಂದು ತಿರುಗಿಸುವ ಗಡಿಯಾರದ ಸ್ವಿಚ್ಚೊಂದನ್ನು ಇಟ್ಟಿದ್ದ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಯಾವುದೋ ಬೇರೆ ದೇಶದ ವೇಳೆಯಲ್ಲಿ ಓಡುತ್ತಿತ್ತು. "ನನ್ನ ಕಂಪ್ಯೂಟರ್ ಹಾಕೋಣ ಕಣೋ, ಒಂದು ಬ್ಯಾಟರಿ ಕೊಟ್ರೆ ಕರೆಂಟ್ ಹೋದ್ರೂ ಅದು ನಿಲ್ಲಲ್ಲ" ಎಂದೆ. ಅವನು ತುಂಬ ಹೊತ್ತು ಯೋಚಿಸಿ ಒಪ್ಪಿದ. "ಆಗ್ಲಿ ಭಾವ. ಆದ್ರೆ ಒಂದ್ ಮಾತು. ಒಂದು ಟ್ರೇ ಒಣಗಿದ್ರೂ ನಾನು ಹಳೇ ಗಡಿಯಾರಕ್ಕೇ ಓಗ್ತೀನಿ. ನೀವು ಬೇಜಾರ್ ಮಾಡ್ಕೋಬಾರ್ದು" ಎಂದ. ನನಗೆ ಬೇಜಾರಾಗಲಿಲ್ಲ, ರೋಮಾಂಚನವಾಯಿತು. ಮಾವನ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಹಬ್ಬಕ್ಕೆ ಹೋಗಿ ಹೋಳಿಗೆ ತಿಂದು ಬರುವ ಅಳಿಯನಾಗಿದ್ದೆನೇ ಹೊರತು ಯಾವುದಕ್ಕೂ ಬೇಕಾದವನಾಗಿರಲಿಲ್ಲ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಎಪ್ಪತ್ತು ದಾಟಿದ ಹೆಂಗಸು, ಮಂಡಿನೋವು ಬಿಟ್ಟರೆ ಗಟ್ಟಿಮುಟ್ಟು, ನರ್ಸರಿಯ ಅರ್ಧ ಆಡಳಿತ ಅವರದೇ. ಊರಿನವರ ಮೇಲೆ, ಕೆಲಸದ ಹೆಂಗಸರ ಮೇಲೆ, ಮಗನ ಮೇಲೆ ಅವರ ಗಂಟಲು ಏರುವುದನ್ನು ನಾನು ದೂರದಿಂದ ಕೇಳಿದ್ದೇನೆ. ಆದರೆ ನನ್ನೊಡನೆ ಅವರು ಇಲ್ಲಿಯವರೆಗೆ ನೇರವಾಗಿ ಒಂದು ಮಾತೂ ಆಡಿಲ್ಲ. ಜಗಳವೇನೂ ಇಲ್ಲ, ಅದು ಮರ್ಯಾದೆ. ಅಳಿಯನ ಎದುರು ನಿಲ್ಲಬಾರದು, ಅಳಿಯನಿಗೆ ಕೆಲಸ ಹೇಳಬಾರದು, ಅಳಿಯ ಮಾಡಿದ್ದರಲ್ಲಿ ಹುಳುಕು ತೆಗೆಯಬಾರದು ಎಂಬುದು ಅವರ ಕಾಲದ ಕಟ್ಟಳೆ. ನಾನು ಪಡಸಾಲೆಗೆ ಹೋದರೆ ಅವರು ಸೆರಗು ಹೊದ್ದು ಕಂಬದ ಹಿಂದೆ ಸರಿಯುತ್ತಾರೆ. ಅಲ್ಲಿಂದ "ಅಳಿಯಂದ್ರು ಇನ್ನೊಂದು ಮುದ್ದೆ ಆಕಿಸ್ಕಂತಾರಾ ಕೇಳಮ್ಮ" ಎಂಬ ಪ್ರಶ್ನೆ ಹೊರಟು, ವಿಮಲಾಳ ಮೂಲಕ ಹಾದು, ಎರಡು ಗಜ ದೂರದಲ್ಲಿ ಕುಳಿತ ನನ್ನನ್ನು ತಲುಪುತ್ತದೆ. "ಸಾಕು" ಎಂಬ ನನ್ನ ಉತ್ತರ ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. ಅಷ್ಟರಲ್ಲಿ ಮುದ್ದೆ ತಟ್ಟೆಗೆ ಬಿದ್ದಿರುತ್ತದೆ. ವಿಮಲಾ ಊರಿಗೆ ಬಾರದ ದಿನ ನಮ್ಮಿಬ್ಬರ ನಡುವೆ ಸಂಪರ್ಕವೇ ಇರುವುದಿಲ್ಲ.

ಇನ್ನು ಅಪ್‌ಡೇಟ್ ಎಂಬ ಪ್ರಾರಬ್ಧ. ಕಂಪ್ಯೂಟರಿನೊಳಗಿನ ತಂತ್ರಾಂಶದಲ್ಲಿ ಜಗತ್ತಿನ ಯಾರಾದರೊಬ್ಬರಿಗೆ ದಿನಾ ಒಂದು ತೂತು ಕಾಣುತ್ತಲೇ ಇರುತ್ತದೆ. ಕಂಡವರು ತೇಪೆ ಹೊಲಿದು ಕಳಿಸುತ್ತಾರೆ, ನಾವು ಹಾಕಿಕೊಳ್ಳಬೇಕು. ಇಂಟರ್ನೆಟ್ಟಿಗೆ ತೆರೆದುಕೊಂಡ ಯಂತ್ರ ತೇಪೆಯಿಲ್ಲದೆ ತಿರುಗುವುದು ಒಳ್ಳೆಯದಲ್ಲ. ಹಾಗಾಗಿ ಮೊದಲ ಆರು ತಿಂಗಳು ನಾನು ಪ್ರತಿ ಭಾನುವಾರ ಸಂಜೆ ಕೊಡಿಗೇಹಳ್ಳಿಯ ಮನೆಯ ಲ್ಯಾಪ್‌ಟಾಪಿನಿಂದ ರಾಜಾನುಕುಂಟೆಯ ಯಂತ್ರದೊಳಕ್ಕೆ ಹೊಕ್ಕು ತೇಪೆ ಹಾಕುತ್ತಿದ್ದೆ. ಕಳ್ಳರು ನುಗ್ಗಬಾರದೆಂದು ಆ ಒಂದು ಲ್ಯಾಪ್‌ಟಾಪು ಬಿಟ್ಟು ಬೇರೆ ಎಲ್ಲಿಂದಲೂ, ನನ್ನ ಫೋನಿನಿಂದಲೂ, ಅದಕ್ಕೆ ಪ್ರವೇಶವಿಲ್ಲದ ಹಾಗೆ ಭದ್ರ ಮಾಡಿದ್ದೆ. ಈ ಭದ್ರತೆಯ ಬಗ್ಗೆ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ತೊಂದರೆ ಏನೆಂದರೆ ಅಪ್‌ಡೇಟ್ ಎಂಬುದು ನಡುನಡುವೆ ಪ್ರಶ್ನೆ ಕೇಳುತ್ತದೆ. "ನೀವು ಬದಲಾಯಿಸಿದ ಹಳೆಯ ಕಡತ ಇದೆ, ನಾನು ತಂದ ಹೊಸದೂ ಇದೆ. ಯಾವುದನ್ನು ಇಡಲಿ?" ಎನ್ನುತ್ತದೆ. ಉತ್ತರ ಬರುವ ತನಕ ಅಲ್ಲೇ ಕೂರುತ್ತದೆ. ನಮ್ಮ ಮನೆಯಲ್ಲಿ ಪ್ರಶ್ನೆಗಳ ಸ್ವಭಾವ ಬೇರೆ. ಬೆಳಿಗ್ಗೆ "ಉಪ್ಪಿಟ್ಟು ಮಾಡ್ಲಾ, ಅವಲಕ್ಕಿ ಮಾಡ್ಲಾ?" ಎಂದು ವಿಮಲಾ ಕೇಳುವ ಹೊತ್ತಿಗೆ ರವೆ ಹುರಿದ ವಾಸನೆ ಮನೆಯೆಲ್ಲ ತುಂಬಿರುತ್ತದೆ. ಅವಳು ಉತ್ತರಕ್ಕೆ ಕಾಯುವುದಿಲ್ಲ, ಸಂಸಾರ ನಿಲ್ಲದೆ ನಡೆಯುತ್ತದೆ. ಕಂಪ್ಯೂಟರಿಗೆ ಈ ಬುದ್ಧಿಯಿಲ್ಲ. ಎರಡು ಸಲ ಹೀಗೆ ಪ್ರಶ್ನೆಯ ನಡುವೆ ಇಂಟರ್ನೆಟ್ ಕಡಿದು, ನಾನು ದೊಡ್ಡಬಳ್ಳಾಪುರ ರಸ್ತೆಯ ಲಾರಿಗಳ ನಡುವೆ ಸ್ಕೂಟರು ತೂರಿಸಿಕೊಂಡು ಹೋಗಿ, ಒಂದೇ ಒಂದು ಅಕ್ಷರ ಒತ್ತಿ ಬಂದೆ. ಎರಡನೆಯ ಸಲ ವಾಪಸು ಬರುವಾಗ ಯಲಹಂಕದ ಸಿಗ್ನಲ್ಲಿನಲ್ಲಿ ನಿಂತು ತೀರ್ಮಾನ ಮಾಡಿದೆ. ಇನ್ನು ಇದು ಯಾರನ್ನೂ ಕೇಳಬಾರದು. ತಾನಾಗಿ ತೇಪೆ ತರಬೇಕು, ತಾನಾಗಿ ಹಾಕಿಕೊಳ್ಳಬೇಕು, ತಾನಾಗಿ ಮಲಗಿ ತಾನಾಗಿ ಏಳಬೇಕು.

ಆ ಭಾನುವಾರ ನನ್ನ ಜೀವನದ ಅತ್ಯಂತ ಸಂತೋಷದ ದಿನಗಳಲ್ಲಿ ಒಂದು. ಮದುವೆಯ ದಿನವನ್ನು ಎಲ್ಲಿ ಇಡಲಿ ಎಂದು ಯಾರಾದರೂ ಕೇಳಿದರೆ ಸ್ವಲ್ಪ ತಡವರಿಸುತ್ತೇನೆ. ಬೆಳಿಗ್ಗೆ ಸ್ನಾನವನ್ನೂ ಮಾಡದೆ ಕುಳಿತವನು ಒಂದೊಂದೇ ಸಾಲು ಬರೆದೆ. ವಾರಕ್ಕೊಮ್ಮೆ ಅಪ್‌ಡೇಟ್ ಮಾಡು. ಯಾವ ಪ್ರಶ್ನೆ ಬಂದರೂ ಹಳೆಯದೇ ಇರಲಿ ಎಂದುಕೋ. ಮುಗಿದ ಮೇಲೆ, ಬೇಕಿರಲಿ ಬೇಡದಿರಲಿ, ಒಮ್ಮೆ ರೀಸ್ಟಾರ್ಟ್ ಆಗು. ಎದ್ದ ತಕ್ಷಣ ನನ್ನ ಫೋನಿಗೆ ಒಂದು ಸಂದೇಶ ಕಳಿಸು. ಆ ಸಂದೇಶವನ್ನು ನಾನೇ ಕನ್ನಡದಲ್ಲಿ ರಚಿಸಿದೆ: "ಅಪ್‌ಡೇಟ್ ಮುಗಿಯಿತು. ಎದ್ದಿದ್ದೇನೆ. ಎಲ್ಲ ಕ್ಷೇಮ." ಅದರ ಕೆಳಗೆ "ಇತಿ ತಮ್ಮ ವಿಧೇಯ" ಎಂದೂ ಸೇರಿಸಿದ್ದೆ, ಆಮೇಲೆ ಅತಿಯಾಯಿತೆಂದು ತೆಗೆದೆ.

ಯಾವ ಹೊತ್ತಿಗೆ ಮಾಡಲಿ ಎಂಬ ಒಂದು ವಿಷಯ ಉಳಿಯಿತು. ಬುದ್ಧಿ ಇರುವ ಯಾರಾದರೂ ಬೆಳಗಿನ ಜಾವ ಮೂರು ಗಂಟೆಗೆ ಇಡುತ್ತಾರೆ. ಆಗ ಮಂಜಿನ ಕೆಲಸವಿರುವುದಿಲ್ಲ, ಯಂತ್ರ ಬಿಡುವಾಗಿರುತ್ತದೆ. ಆದರೆ ಮೂರು ಗಂಟೆಗೆ ನಾನು ಮಲಗಿರುತ್ತೇನಲ್ಲ? ತಾನಾಗಿ ಆಗುವುದನ್ನು ನೋಡುವವರಿಲ್ಲದಿದ್ದರೆ ಅದು ತಾನಾಗಿ ಆಗಿ ಏನು ಪ್ರಯೋಜನ? ಟೈಮ್‌ಟೇಬಲ್ ತೆಗೆದು ನೋಡಿದೆ. ಬುಧವಾರ ಹನ್ನೊಂದು ಗಂಟೆಯಿಂದ ನನಗೆ ಲ್ಯಾಬ್ ಇಲ್ಲ. ಸ್ಟಾಫ್ ರೂಮಿನಲ್ಲಿ ಟೀ ಬರುವ ಹೊತ್ತು. ಬುಧವಾರ ಹನ್ನೊಂದು ಎಂದು ಬರೆದು, ಎದ್ದು, ಸ್ನಾನಕ್ಕೆ ಹೋದೆ.

ಮೊದಲ ಬುಧವಾರ ಫೋನನ್ನು ಟೀ ಲೋಟಕ್ಕೆ ಒರಗಿಸಿ ಕುಳಿತೆ. ಪಕ್ಕದಲ್ಲಿ ಫಿಸಿಕ್ಸ್ ಲ್ಯಾಬಿನ ನಾಗಭೂಷಣ. ಈತ ಯಾವ ಒಳ್ಳೆಯ ಸುದ್ದಿಯನ್ನೂ ಪರೀಕ್ಷೆ ಮಾಡದೆ ಒಪ್ಪುವವನಲ್ಲ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಫೋನು ಕಣ್ಣು ಮಿಟುಕಿಸಿತು: "ಎಲ್ಲ ಕ್ಷೇಮ." ನನ್ನ ಮೈ ಜುಮ್ಮೆಂದಿತು. ಅಷ್ಟು ದೂರದಲ್ಲಿ, ಸೇವಂತಿಗೆ ಶೆಡ್ಡಿನ ಪಕ್ಕದ ಗೊಬ್ಬರದ ಕೋಣೆಯಲ್ಲಿ, ಯಾರೂ ಹೇಳದೆ, ಯಾರೂ ಮುಟ್ಟದೆ, ಒಂದು ಯಂತ್ರ ತನ್ನನ್ನು ತಾನೇ ತಿದ್ದಿಕೊಂಡು, ಮಲಗಿ ಎದ್ದು, ನನಗೆ ವರದಿ ಒಪ್ಪಿಸಿತ್ತು. ಸಂದೇಶವನ್ನು ನಾಗಭೂಷಣನ ಮೂಗಿನ ಹತ್ತಿರ ಹಿಡಿದೆ. ಅವನು ಕನ್ನಡಕ ಮೇಲೆತ್ತಿ ಓದಿ, "ಕ್ಷೇಮ ಅಂತ ಅದಕ್ಕೆ ಹೇಗೆ ಗೊತ್ತು ಸಾರ್?" ಎಂದ. ಈ ಥರದ ಮನುಷ್ಯರಿಂದಲೇ ದೇಶ ಮುಂದೆ ಬರದಿರುವುದು ಎಂದು ಅಂದುಕೊಂಡು ಟೀ ಕುಡಿದೆ.

ಒಂಬತ್ತು ವಾರ ಹೀಗೆ ನಡೆಯಿತು. ಒಂಬತ್ತು ಬುಧವಾರ, ಒಂಬತ್ತು ಕ್ಷೇಮ ಸಮಾಚಾರ. ನಾನು ಬುಧವಾರಕ್ಕೆ ಇಸ್ತ್ರಿ ಶರ್ಟು ಹಾಕಿಕೊಂಡು ಹೋಗುವಷ್ಟರ ಮಟ್ಟಿಗೆ ಬಂದೆ. ಮುನಿರಾಜು ಫೋನಿನಲ್ಲಿ, "ಒಂದು ಟ್ರೇನೂ ಓಗಿಲ್ಲ ಭಾವ. ದಸರಾಕ್ಕೆ ಹೂ ಬಿಡೋ ಸಸಿಗಳನ್ನೆಲ್ಲ ಈ ಸಲ ನಿಮ್ ಮಿಷನ್ ಮೇಲೇ ಬಿಟ್ಟಿವ್ನಿ" ಎಂದ. ಅಂದರೆ ಅವನ ವರ್ಷದ ಕೆಲಸವೆಲ್ಲ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆ ಶೆಡ್ಡಿನೊಳಗೆ ಬೇರಿಲ್ಲದೆ ನಿಂತಿತ್ತು. ಭಾನುವಾರ ನಾನು ಲ್ಯಾಪ್‌ಟಾಪಿನಿಂದ ಇಣುಕಿದರೆ ಮಂಜು ವೇಳೆಗೆ ಸರಿಯಾಗಿ ಬೀಳುತ್ತಿತ್ತು. ಯಾವ ದೂರೂ ಇರಲಿಲ್ಲ.

ಹತ್ತನೆಯ ಬುಧವಾರ. ಹನ್ನೊಂದೂ ಐದಕ್ಕೆ ಕ್ಷೇಮ ಸಮಾಚಾರ ಬಂತು. ಹನ್ನೊಂದೂ ಮುಕ್ಕಾಲಿಗೆ ವಿಮಲಾಳ ಫೋನು ಬಂತು. ಪಾಠದ ನಡುವೆ ಫೋನನ್ನು ಚೀಲದಿಂದ ತೆಗೆಯುವವಳಲ್ಲ ಅವಳು.

"ರೀ, ಅಮ್ಮ ಬೆಳಿಗ್ಗೆನೇ ಒಂದ್ ವಿಷಯ ಕೇಳು ಅಂದಿದ್ಲು, ನಂಗೆ ಮರ್ತೇ ಹೋಯ್ತು. ಈ ವಾರ ಮೆಷಿನ್ ರಜಾನ ಗುರುವಾರಕ್ಕೆ ಹಾಕಕ್ಕಾಗುತ್ತಾ ಅಂತೆ."

"ಯಾವ ರಜಾ?"

"ಬುಧವಾರದ ರಜಾ ಕಣ್ರೀ. ಹನ್ನೊಂದು ಗಂಟೆಯಿಂದ ಸಂಜೆವರೆಗೂ ಅದಕ್ಕೆ ರಜಾ ಕೊಟ್ಟಿದೀರಲ್ಲ. ನೀವೇ ತಾನೆ ಇಟ್ಟಿರೋದು? ಅಮ್ಮ ಊರೆಲ್ಲ ಹೇಳ್ಕೊಂಡು ಬರ್ತಿದಾಳೆ, ನಮ್ಮ ಅಳಿಯಂದ್ರು ಧರ್ಮವಂತರು, ಎತ್ತಿಗೆ ಬಿಟ್ಟಂಗೆ ಮಿಷನ್ನಿಗೂ ವಾರಕ್ಕೊಂದಿನ ಬಿಡುವು ಮಡಗವ್ರೆ ಅಂತ."

ನನ್ನ ಕೈಯಲ್ಲಿದ್ದ ಬಿಸ್ಕತ್ತು ಟೀಯಲ್ಲಿ ಮುಳುಗಿತು. ಅವರ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎಷ್ಟೇ ಹದವಿದ್ದರೂ, ಮಳೆ ಬಂದು ಹೊಲ ಕರೆಯುತ್ತಿದ್ದರೂ ಸೋಮವಾರ ಎತ್ತು ಹಟ್ಟಿಯಲ್ಲೇ. ನಮ್ಮ ಅತ್ತೆ ಅಂಥ ಮನೆಯಲ್ಲಿ ಹುಟ್ಟಿ ಅಂಥ ಮನೆಗೇ ಸೇರಿದವರು. "ಮತ್ತೆ ಮಧ್ಯಾಹ್ನ ನೀರು?" ಎಂದು ಕೇಳಿದೆ.

"ಅಮ್ಮನೇ ಸ್ಪ್ರೇಯರಲ್ಲಿ ಹೊಡೀತಾಳೆ. ಇಪ್ಪತ್ತು ನಿಮಿಷಕ್ಕೊಂದ್ಸಲ. ಇವತ್ತು ಹುಣಸಮಾರನಹಳ್ಳೀಲಿ ದೊಡ್ಡಮ್ಮನ ಮರಿಮಗುಗೆ ನಾಮಕರಣ ಅಲ್ವಾ, ನಾವು ಸಂಜೆ ಹೋಗೋದು ಅಂತಿತ್ತಲ್ಲ, ಅದೇ. ಮಗೂನ ತೊಟ್ಟಿಲಿಗೆ ಹಾಕೋದು ನೀನೇ ಅಂತ ದೊಡ್ಡಮ್ಮ ಅಮ್ಮಂಗೆ ಹೇಳಿದಾರೆ. ಮುನಿರಾಜು ಸಸಿ ಕೊಡಕ್ಕೆ ಚಿಕ್ಕಬಳ್ಳಾಪುರದ ಕಡೆ ಹೋಗಿದಾನೆ, ಅವನ ಹೆಂಡ್ತಿ ಬೆಳಿಗ್ಗೆನೇ ನಾಮಕರಣದ ಅಡುಗೆಗೆ ಹೋಗಿದಾಳೆ. ಅಮ್ಮ ಹೊರಟುಬಿಟ್ಟಿದ್ರೆ ಶೆಡ್ಡಲ್ಲಿ ಯಾರೂ ಇರಲ್ಲ."

ಆಗ ಎಲ್ಲವೂ ಒಂದರ ಹಿಂದೊಂದು ಹೊಳೆಯಿತು. ಮಂಜಿನ ಪ್ರೋಗ್ರಾಂ ಬೆಳಿಗ್ಗೆ ಆರಕ್ಕೆ ಒಮ್ಮೆ ಶುರುವಾಗಿ ಸಂಜೆ ಆರಕ್ಕೆ ನಿಲ್ಲಬೇಕು ಎಂದು ಬರೆದಿದ್ದೆ. ನಡುವೆ ಹನ್ನೊಂದಕ್ಕೆ ಯಂತ್ರ ಮಲಗಿ ಎದ್ದರೆ ಮಂಜನ್ನು ಮತ್ತೆ ಶುರು ಮಾಡು ಎಂದು ಎಲ್ಲಿಯೂ ಬರೆದಿರಲಿಲ್ಲ. ಯಂತ್ರ ಎದ್ದು, ನಾನು ಹೇಳಿಕೊಟ್ಟ ಹಾಗೆ "ಎಲ್ಲ ಕ್ಷೇಮ" ಎಂದು ಬರೆದು, ಕೈಕಟ್ಟಿ ಕುಳಿತುಕೊಳ್ಳುತ್ತಿತ್ತು. ಮಾರನೆಯ ದಿನ ಆರು ಗಂಟೆಗೆ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹತ್ತುತ್ತಿತ್ತು. ನಾನು ಹಾಸ್ಟೆಲಿನಲ್ಲಿದ್ದಾಗ ಜ್ವರದಲ್ಲಿ ನಡುಗುತ್ತ "ನಾನು ಕ್ಷೇಮ" ಎಂದು ಮನೆಗೆ ಕಾಗದ ಬರೆಯುತ್ತಿದ್ದೆ. ಅದೇ ವಿದ್ಯೆಯನ್ನು ಯಂತ್ರಕ್ಕೂ ಕಲಿಸಿದ್ದೆ. ಹನ್ನೊಂದರಿಂದ ಆರರವರೆಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಎಂದರೆ ಇಪ್ಪತ್ತೊಂದು ಸಲ. ಒಂಬತ್ತು ಬುಧವಾರ. ಎಪ್ಪತ್ತು ದಾಟಿದ ಮಂಡಿ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅತ್ತೆಗೆ ಫೋನು ಮಾಡಿದೆ. ಅಳಿಯನ ನಂಬರು ಕಂಡರೆ ಅವರು ಎತ್ತುವುದಿಲ್ಲ, ಎತ್ತಲಿಲ್ಲ. ವಿಮಲಾ ಮಾಡಿದರೂ ಎತ್ತಲಿಲ್ಲ. ಫೋನಿನಿಂದ ಯಂತ್ರದೊಳಕ್ಕೆ ಹೋಗೋಣವೆಂದರೆ ನನ್ನದೇ ಭದ್ರತೆ ನನ್ನನ್ನು ಕಳ್ಳನೆಂದು ಹೊರಗೆ ನಿಲ್ಲಿಸಿತು. ಲ್ಯಾಪ್‌ಟಾಪು ಕೊಡಿಗೇಹಳ್ಳಿಯಲ್ಲಿ. ಆ ಹೊತ್ತಿನ ಟ್ರಾಫಿಕ್ಕಿನಲ್ಲಿ ಅಲ್ಲಿಗಿಂತ ರಾಜಾನುಕುಂಟೆಯೇ ಹತ್ತಿರ. ಸ್ಕೂಟರಿನ ಕೀಲಿ ಹುಡುಕುತ್ತಿದ್ದಾಗ ನಾಗಭೂಷಣ ಹೆಲ್ಮೆಟ್ ಹಾಕಿಕೊಂಡು ಬಂದು ನಿಂತ. "ನಾನೂ ಬರ್ತೀನಿ ಸಾರ್. ಆ ಕ್ಷೇಮ ಹೆಂಗಿದೆ ಅಂತ ಕಣ್ಣಾರೆ ನೋಡ್ಬೇಕು" ಎಂದ.

ಶೆಡ್ಡಿನ ಪರದೆ ಸರಿಸಿದಾಗ ಹನ್ನೆರಡೂ ಇಪ್ಪತ್ತು. ಒಳಗೆ ನಮ್ಮ ಅತ್ತೆ. ಹಸಿರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ, ಮುಡಿಯಲ್ಲಿ ಹೂವಿದೆ, ಬೆನ್ನಿಗೆ ಸ್ಪ್ರೇಯರ್ ಡಬ್ಬ. ಒಂದು ಕೈಯಲ್ಲಿ ಪಂಪು ಒತ್ತುತ್ತ ಇನ್ನೊಂದು ಕೈಯಲ್ಲಿ ಕೊಳವೆ ಆಡಿಸುತ್ತ ಟ್ರೇ ಸಾಲಿನ ನಡುವೆ ನಿಧಾನವಾಗಿ ಕಾಲೆಳೆದು ನಡೆಯುತ್ತಿದ್ದಾರೆ. ಮಗಳಿಂದ ಉತ್ತರ ಬರಲಿಲ್ಲ, ಹನ್ನೊಂದಕ್ಕೆ ಯಂತ್ರ ಎಂದಿನಂತೆ ಮಲಗಿತು, ಅವರು ನಾಮಕರಣಕ್ಕೆ ಹೋಗಲಿಲ್ಲ, ಅಷ್ಟೆ. ಕುಡಿಗಳೆಲ್ಲ ತಲೆಯೆತ್ತಿ ನಿಂತಿದ್ದವು. ನನ್ನನ್ನು ಕಂಡೊಡನೆ ಅವರು ಡಬ್ಬದ ಸಮೇತ ಕಂಬದ ಹಿಂದೆ ಸರಿದು ಸೆರಗು ಹೊದ್ದರು.

ನಾನು ಗೊಬ್ಬರದ ಕೋಣೆಗೆ ಓಡಿ, ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆ ತೆಗೆದು, ಒಂದು ಸಾಲು ಕುಟ್ಟಿದೆ. ಒಂದೇ ಸಾಲು. ಮೇಲಿನ ಪೈಪುಗಳು ಉಸ್ಸೆಂದವು, ಶೆಡ್ಡಿನ ತುಂಬ ತಣ್ಣನೆಯ ಮಂಜಿಳಿಯಿತು. ಆ ಸ್ಥಿತಿಯಲ್ಲೂ ನನಗೆ ಅದನ್ನು ನೋಡಿ ಆನಂದವಾಯಿತೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಕಂಬದ ಹಿಂದಿನಿಂದ ಮಾತು ಬಂತು. ವಿಮಲಾ ಇರಲಿಲ್ಲ, ಹಾಗಾಗಿ ಅದು ನಾಗಭೂಷಣನಿಗೆ ಹೊರಟಿತ್ತು. "ಯಾರಪ್ಪ ನೀನು, ಅಳಿಯಂದ್ರ ಸ್ನೇಹಿತ್ರಾ? ಅವರ್ಗೆ ಅನ್ನಪ್ಪ, ಅದನ್ನ ಯಾಕೆ ಎಬ್ಬಿಸಕ್ಕೆ ಓದ್ರಿ, ಇವತ್ತು ಅದರ ಬಿಡುವು. ನಾನಿಲ್ವಾ? ಪಾಪ, ವಾರವೆಲ್ಲ ಗೇದೈತೆ."

ನಾಗಭೂಷಣ ನನ್ನ ಕಡೆ ತಿರುಗಿ ಒಂದು ಶಬ್ದವನ್ನೂ ಬಿಡದೆ ಒಪ್ಪಿಸಿದ. ಈ ಪದ್ಧತಿ ಅವನಿಗೆ ಅಷ್ಟು ಬೇಗ ಹೇಗೆ ರೂಢಿಯಾಯಿತೋ. "ಅದು ಬಿಡುವಲ್ಲ, ನನ್ನ ತಪ್ಪು ಅಂತ ಹೇಳಯ್ಯ" ಎಂದೆ. ಅವನು ಕಂಬದ ಕಡೆ ತಿರುಗಿ, ಸ್ವಲ್ಪ ಯೋಚಿಸಿ, "ಇವತ್ತು ನಾಮಕರಣ ಅಂತ ಮಿಷನ್ನೇ ಕೆಲಸಕ್ಕೆ ಒಪ್ಪಿಕೊಂಡಿದೆಯಂತೆ ಅಮ್ಮ. ನೀವು ಹೋಗಿಬನ್ನಿ ಅಂತಿದೆ" ಎಂದ. ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪದ ಮನುಷ್ಯ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆಂದು ಆವರೆಗೆ ಗೊತ್ತಿರಲಿಲ್ಲ. ಅತ್ತೆ ಡಬ್ಬ ಇಳಿಸಿದರು. ನಾನು ರಸ್ತೆಗೆ ಓಡಿ ಆಟೋ ತಂದೆ. ಅವರು ಆಟೋದಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ, ನಾಗಭೂಷಣ ಮಂಜಿನ ಕಾವಲಿಗೆ ಶೆಡ್ಡಿನಲ್ಲಿ. ಹುಣಸಮಾರನಹಳ್ಳಿ ಮುಟ್ಟುವ ಹೊತ್ತಿಗೆ ಜನ ಊಟಕ್ಕೆ ಕೂರುವುದರಲ್ಲಿದ್ದರು. ಆದರೆ ಅವರ ಅಕ್ಕ, "ನನ್ನ ತಂಗಿ ಬರೋವರ್ಗೂ ತೊಟ್ಲು ಮುಟ್ಟಬ್ಯಾಡಿ" ಎಂದು ಅಡ್ಡ ಕೂತಿದ್ದರಂತೆ. ನೀರಿನ ಕಲೆಯ ರೇಷ್ಮೆ ಸೀರೆಯಲ್ಲೇ ಅತ್ತೆ ಮಗುವನ್ನು ಎತ್ತಿ ತೊಟ್ಟಿಲಿಗೆ ಇಟ್ಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅಂದು ಸಂಜೆಯೇ ಮನೆಗೆ ಬಂದು ಎಲ್ಲ ಸರಿ ಮಾಡಿದೆ. ಯಾವಾಗ ಎದ್ದರೂ ಹಗಲಾಗಿದ್ದರೆ ಮಂಜು ಶುರು ಮಾಡು. ಅಪ್‌ಡೇಟನ್ನು ಬೆಳಗಿನ ಜಾವ ಮೂರಕ್ಕೆ ಇಟ್ಟುಕೋ. ಬೆಳಿಗ್ಗೆ ಆರಕ್ಕೆ ಪೈಪಿನಲ್ಲಿ ನೀರು ನಿಜವಾಗಿ ಹರಿದದ್ದನ್ನು ನೋಡಿಕೊಂಡ ಮೇಲೆಯೇ ಕ್ಷೇಮ ಎನ್ನು. ಮೂರೇ ಸಾಲು. ಬರೆಯುವಾಗ ಹಳೆಯ ಉತ್ಸಾಹವೆಲ್ಲ ಮರಳಿ ಬಂತು, ಪರಿಪೂರ್ಣವಾದ ವ್ಯವಸ್ಥೆ ಎಂದುಕೊಂಡೆ.

ಮುಂದಿನ ಗುರುವಾರ ವಿಮಲಾ ಹೇಳಿದಳು: "ಅಮ್ಮಂಗೆ ಬೇಜಾರಾಗಿದೆ. ಅಳಿಯಂದ್ರು ಮಿಷನ್ನಿಗೆ ರಜಾನೇ ತೆಗೆದುಬಿಟ್ರಂತೆ, ಪಾಪದ್ದು ಅಂತಾಳೆ." ನಾನು ಅವಳ ಮೂಲಕವೇ ವಿವರಣೆ ಕಳಿಸಿದೆ: ಇದು ಎತ್ತಲ್ಲ, ಯಂತ್ರ, ಇದಕ್ಕೆ ದಣಿವಾಗುವುದಿಲ್ಲ. ಉತ್ತರ ಬಂತು: "ದಣಿವಾಯ್ತು ಅಂತ ಎತ್ತೇನು ಬಾಯ್ಬಿಟ್ಟು ಏಳ್ತಿತ್ತಾ ಕೇಳಮ್ಮ." ಒಂದು ವಾರ ಬಿಟ್ಟು ಮುನಿರಾಜು ಫೋನು ಮಾಡಿದ. "ಭಾವ, ಅಮ್ಮ ಬುಧವಾರ ಅನ್ನೊಂದು ಗಂಟೆಗೆ ಪ್ಲಗ್ ಕಿತ್ತಾಕ್ತಾ ಅವ್ರೆ. ಬೆಳಿಗ್ಗೆ ಎದ್ದು ಅವರೇ ಆಕ್ತಾರೆ. ನಿಮ್ಗೆ ಏಳ್ಬ್ಯಾಡ ಅಂದವ್ರೆ."

ಓಡುತ್ತಿರುವ ಹಳೆಯ ಕಂಪ್ಯೂಟರಿನ ಪ್ಲಗ್ಗು ಹಾಗೆ ಕೀಳಬಾರದು, ಒಳಗಿನದೆಲ್ಲ ಕೆಟ್ಟುಹೋಗುತ್ತದೆ. ಅದಕ್ಕೆ ನಾಲ್ಕನೆಯ ಸಾಲು ಬರೆದೆ: ಬುಧವಾರ ಹನ್ನೊಂದರಿಂದ ಆರರವರೆಗೆ ಸುಮ್ಮನಿರು. ವಾರದ ರಜೆ ಪಡೆಯುವ ಕಂಪ್ಯೂಟರು ಬೇರೆಲ್ಲಾದರೂ ಇದೆಯೋ ಕಾಣೆ. ಅತ್ತೆಗೆ ತುಂಬ ಸಂತೋಷವಾಯಿತೆಂದು ವಿಮಲಾಳ ಮೂಲಕ ತಿಳಿಯಿತು.

ಆದರೆ ಆ ಇಪ್ಪತ್ತೊಂದು ಸಲದ ನೀರನ್ನು ಹೊಡೆಯುವವರು ಯಾರು? ಆ ಮಂಡಿಗಳಿಗೆ ಮತ್ತೆ ಅದನ್ನು ಹೇಗೆ ಬಿಡುವುದು? ಬುಧವಾರ ಹನ್ನೊಂದರಿಂದ ಲ್ಯಾಬ್ ಇಲ್ಲದಿರುವವನು ನಾನೇ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಈಗ ಪ್ರತಿ ಬುಧವಾರ ರಾಜಾನುಕುಂಟೆಗೆ ಹೋಗುತ್ತೇನೆ. ಡಬ್ಬ ಬೆನ್ನಿಗೆ ಹಾಕಿಕೊಂಡು ಸಂಜೆಯವರೆಗೂ ಪಂಪು ಒತ್ತುತ್ತೇನೆ. ಅಳಿಯ ಕೆಲಸ ಮಾಡುವುದನ್ನು ನೋಡಿ ಅತ್ತೆ ಮೊದಲೆರಡು ವಾರ ಸಂಕಟಪಟ್ಟರು. ಮೂರನೆಯ ವಾರ ಉಪಾಯ ಕಂಡುಕೊಂಡರು. ಗೊಬ್ಬರದ ಕೋಣೆಯ ಹೊಸ್ತಿಲ ಮೇಲೆ ಕೂತು, ಒಳಗೆ ಬಟ್ಟೆ ಹೊದ್ದು ಬಿಡುವಿನಲ್ಲಿರುವ ಕಂಪ್ಯೂಟರನ್ನು ಕುರಿತು ಮಾತಾಡುತ್ತಾರೆ. "ನೋಡಪ್ಪ ಮಿಷನ್ನು, ಆ ಮೂಲೆ ಟ್ರೇಗೆ ನೀರು ಬಿದ್ದೇ ಇಲ್ಲ. ನೀನಾಗಿದ್ರೆ ಇಂಗೆ ಬಿಡ್ತಿದ್ಯಾ?" ನಾನು ಮೂಲೆಗೆ ಹೋಗುತ್ತೇನೆ.

ಹಾಗೆ ನೋಡಿದರೆ ವ್ಯವಸ್ಥೆ ಚೆನ್ನಾಗಿಯೇ ನಡೆದಿದೆ. ಬುಧವಾರ ಹನ್ನೊಂದು ಹೊಡೆಯಿತೆಂದರೆ ಯಾರೂ ಹೇಳದೆ, ಯಾರೂ ಮುಟ್ಟದೆ ನಾನು ತಾನಾಗಿ ಎದ್ದು ಹೊರಡುತ್ತೇನೆ. ನಾಗಭೂಷಣ ಟೀ ಲೋಟ ಹಿಡಿದು ನೋಡುತ್ತಿರುತ್ತಾನೆ. ಲಾರಿಗಳ ರಸ್ತೆಯಾದ್ದರಿಂದ ತಲುಪಿದ ತಕ್ಷಣ ಸಂದೇಶ ಕಳಿಸಬೇಕೆಂದು ವಿಮಲಾ ತಾಕೀತು ಮಾಡಿದ್ದಾಳೆ. "ತಲುಪಿದೆ. ಎಲ್ಲ ಕ್ಷೇಮ" ಎಂದು ಕಳಿಸುತ್ತೇನೆ. ಅವಳು ಅದನ್ನು ಓದಿ, ಅಮ್ಮನಿಗೆ ಫೋನು ಮಾಡಿ, ನಾನು ನಿಜವಾಗಿ ನೀರು ಹೊಡೆಯುತ್ತಿದ್ದೇನೆಯೇ ಎಂದು ಕೇಳಿ ತಿಳಿದುಕೊಳ್ಳುತ್ತಾಳೆ.